ಜಾಸ್ತಿ ಬಂದ ಹಣ, ವಾಪಸ್ ಕಟ್ಟಬೇಕಾದ ಹಣ: ಡಚ್ ಡೇ ಕೇರ್ ಭತ್ಯೆಯ ಪ್ರಕರಣ

ಕಳೆದ ವರ್ಷ ನನ್ನ ಚಿಕ್ಕಮ್ಮನಿಗೆ ಬ್ಯಾಂಕಿನಿಂದ ಒಂದು ಪತ್ರ ಬಂತು. ಚಿಕ್ಕಪ್ಪ ಹೈಸ್ಕೂಲ್ ಮೇಷ್ಟ್ರು, ಸರ್ವಿಸ್‌ನಲ್ಲಿದ್ದಾಗಲೇ ತೀರಿಕೊಂಡವರು. ಅಂಥ ಕುಟುಂಬಕ್ಕೆ ಸಾಮಾನ್ಯವಾಗಿ ಮೊದಲ ಕೆಲವು ವರ್ಷ ಫ್ಯಾಮಿಲಿ ಪೆನ್ಷನ್ ಜಾಸ್ತಿ ದರದಲ್ಲಿ ಬರುತ್ತದೆ, ಆಮೇಲೆ ಇಳಿಯುತ್ತದೆ. ಇಳಿಸಬೇಕಾದವರು ಇಳಿಸಿರಲಿಲ್ಲ. ನಾಲ್ಕು ವರ್ಷ ಹಳೇ ದರದಲ್ಲೇ ಹಣ ಬಂತು. ಈಗ ಮೂರು ಲಕ್ಷ ಚಿಲ್ಲರೆ ವಾಪಸ್ ಕಟ್ಟಿ, ಇಲ್ಲದಿದ್ದರೆ ಪ್ರತಿ ತಿಂಗಳು ಹಿಡಿದುಕೊಳ್ಳುತ್ತೇವೆ ಅಂತ ಪತ್ರ. ಚಿಕ್ಕಮ್ಮ ಪಾಸ್‌ಬುಕ್ಕುಗಳನ್ನೆಲ್ಲ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ಕೂತವರೇ ಕೇಳಿದ ಮೊದಲ ಮಾತು, "ನಾನೇನು ಕದ್ದಿದೀನಾ?"

ಆ ಪತ್ರವನ್ನು ಅರ್ಥ ಮಾಡಿಕೊಳ್ಳೋಣ ಅಂತ ಓದಲು ಕೂತೆ. ಓದುತ್ತಾ ಓದುತ್ತಾ ನೆದರ್‌ಲ್ಯಾಂಡ್ಸ್‌ಗೆ ಹೋಗಿ ನಿಂತೆ. ಸರ್ಕಾರದ ಹಣ ಕುಟುಂಬಗಳಿಗೆ ಜಾಸ್ತಿ ಹೋದಾಗ ಅದನ್ನು ವಾಪಸ್ ಕೇಳಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿ ಒಂದು ಇಡೀ ದೇಶ ಎಡವಿದ ಕಥೆ ಅಲ್ಲಿದೆ. ಹತ್ತಿರ ಹತ್ತಿರ ಹದಿನೈದು ವರ್ಷದ ಕಥೆ. ಕೊನೆಗೆ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಟ್ಟಿತು. ನಮ್ಮಲ್ಲಿ ಈ ಪ್ರಕರಣವನ್ನು ಕಂಪ್ಯೂಟರ್ ಮಾಡಿದ ತಪ್ಪು ಅಂತ ಹೇಳಿ ಮುಗಿಸುತ್ತಾರೆ. ಕಂಪ್ಯೂಟರ್‌ಗೂ ಅದರಲ್ಲಿ ಪಾಲಿದೆ. ಆದರೆ ನನಗೆ ಮುಖ್ಯ ಅನಿಸಿದ್ದು ಬೇರೆ. ಹಣ ಜಾಸ್ತಿ ಹೋಯಿತಾ ಎನ್ನುವುದು ಒಂದು ಪ್ರಶ್ನೆ. ಅದನ್ನು ಈ ಕುಟುಂಬದಿಂದ ವಾಪಸ್ ಪಡೆಯಬೇಕಾ ಎನ್ನುವುದು ಇನ್ನೊಂದು ಪ್ರಶ್ನೆ. ಅಲ್ಲಿನ ಕಚೇರಿ ಮೊದಲನೆಯದಕ್ಕೆ ಉತ್ತರ ಸಿಕ್ಕ ಕೂಡಲೇ ಎರಡನೆಯದನ್ನು ಕೇಳುವುದನ್ನೇ ಬಿಟ್ಟಿತು. ಕೋರ್ಟೂ ಬಿಟ್ಟಿತು.

ಹಣ ಹೇಗೆ ಬರುತ್ತಿತ್ತು

ನೆದರ್‌ಲ್ಯಾಂಡ್ಸ್‌ನಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ಡೇ ಕೇರ್ ಖರ್ಚಿನ ದೊಡ್ಡ ಪಾಲನ್ನು ಸರ್ಕಾರ ಕೊಡುತ್ತದೆ. ಒಬ್ಬಂಟಿ ತಾಯಿ ಅಥವಾ ತಂದೆ ದುಡಿಯುತ್ತಿದ್ದರೂ ಸಿಗುತ್ತದೆ. ಇದಕ್ಕೆ ಅಲ್ಲಿ ಟೂಸ್ಲಾಖ್ ಎನ್ನುತ್ತಾರೆ, ಅಂದರೆ ಭತ್ಯೆ. ಐಂಡ್‌ಹೋವನ್, ಆಮ್ಸ್ಟೆಲ್‌ಫೇನ್ ಕಡೆ ಕೆಲಸಕ್ಕೆ ಹೋಗಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗೂ ಈ ಪದ ಚೆನ್ನಾಗಿ ಗೊತ್ತು. ಮಗು ಆದ ಮೇಲೆ ಅವರೂ ಇದಕ್ಕೆ ಅರ್ಜಿ ಹಾಕುತ್ತಾರೆ.

ಈ ಭತ್ಯೆ ಕೊಡುವ ಕೆಲಸ ಆಗ ತೆರಿಗೆ ಇಲಾಖೆಯದಾಗಿತ್ತು. ಆದಾಯ ಜಾಸ್ತಿ ಇದ್ದವರಿಗೆ ಕಡಿಮೆ, ಕಡಿಮೆ ಇದ್ದವರಿಗೆ ಜಾಸ್ತಿ. ಆದರೆ ವರ್ಷದ ಆದಾಯ ಎಷ್ಟು ಅಂತ ವರ್ಷ ಮುಗಿಯುವ ಮುಂಚೆ ಯಾರಿಗೂ ಗೊತ್ತಿರುವುದಿಲ್ಲ, ಅಲ್ವಾ? ಅದಕ್ಕೆ ಅಂದಾಜಿನ ಮೇಲೆ ತಿಂಗಳು ತಿಂಗಳು ಮುಂಗಡ ಕೊಡುತ್ತಾರೆ. ವರ್ಷ ಮುಗಿದ ಮೇಲೆ ಲೆಕ್ಕ ಮಾಡುತ್ತಾರೆ. ಕಡಿಮೆ ಕೊಟ್ಟಿದ್ದರೆ ಸೇರಿಸಿ ಕೊಡುತ್ತಾರೆ, ಜಾಸ್ತಿ ಕೊಟ್ಟಿದ್ದರೆ ವಾಪಸ್ ಕೇಳುತ್ತಾರೆ.

ಇಲ್ಲೇ ಮೊದಲ ಅಪಾಯ ಇದೆ. ಮುಂಗಡ ಅನ್ನುವುದು ಕಚೇರಿಯ ಭಾಷೆ. ಮನೆಯಲ್ಲಿ ಅದು ಆ ತಿಂಗಳ ಡೇ ಕೇರ್ ಬಿಲ್ಲು. ಬಂದ ದಿನವೇ ಹೋಗಿರುತ್ತದೆ. ಎರಡು ವರ್ಷ ಬಿಟ್ಟು ವಾಪಸ್ ಕೊಡಿ ಅಂದರೆ ತೆಗೆದಿಟ್ಟ ಹಣ ಎಲ್ಲೂ ಇರುವುದಿಲ್ಲ. ಕಡಿಮೆ ಆದಾಯದವರಿಗೇ ದೊಡ್ಡ ಮುಂಗಡ ಹೋಗುತ್ತಿತ್ತು. ಹಾಗಾಗಿ ದೊಡ್ಡ ಸಾಲದ ಪತ್ರ ಬರುವುದೂ ಅವರ ಮನೆಗೇ.

ಇನ್ನೊಂದು ವಿಷಯ. ಭತ್ಯೆ ಎಷ್ಟೇ ದೊಡ್ಡದಿರಲಿ, ಖರ್ಚಿನ ಒಂದು ಸಣ್ಣ ಪಾಲನ್ನು ಪೋಷಕರು ತಮ್ಮ ಕೈಯಿಂದ ಕಟ್ಟಲೇಬೇಕು. ಇದನ್ನು ಸ್ವಂತ ಪಾಲು ಅನ್ನೋಣ. ಇಡೀ ಪ್ರಕರಣ ತಿರುಗುವುದು ಈ ಸಣ್ಣ ಪಾಲಿನ ಸುತ್ತಲೇ.

ಪೂರ್ತಿ, ಇಲ್ಲವೇ ಸೊನ್ನೆ

ಡೇ ಕೇರ್‌ನಲ್ಲಿ ಒಂದು ಬಗೆ ಇದೆ. ಯಾರೋ ಒಬ್ಬ ಮಹಿಳೆ ತನ್ನ ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಅವಳಿಗೂ ಪೋಷಕರಿಗೂ ನಡುವೆ ಒಂದು ಏಜೆನ್ಸಿ ಇರುತ್ತದೆ. ಹಣ, ಕರಾರು, ಕಾಗದ ಪತ್ರ ಎಲ್ಲ ಏಜೆನ್ಸಿಯ ಮೂಲಕ. ಕೆಲವು ಏಜೆನ್ಸಿಗಳು ಪೋಷಕರಿಗೆ ಸ್ವಂತ ಪಾಲು ಕಟ್ಟುವ ಅಗತ್ಯವಿಲ್ಲ, ನಾವು ನೋಡಿಕೊಳ್ಳುತ್ತೇವೆ ಅಂತ ಹೇಳಿದ್ದೂ ಉಂಟು. ಇನ್ನು ಕೆಲವು ಕಡೆ ಪೋಷಕರು ನಗದಾಗಿ ಕೊಟ್ಟಿದ್ದರು, ರಸೀದಿ ಇರಲಿಲ್ಲ. ಕರಾರು ಪತ್ರದಲ್ಲಿ ಒಂದು ಸಹಿ ಬಿಟ್ಟುಹೋದದ್ದೂ ಇತ್ತು.

ಈಗ ಒಂದು ಲೆಕ್ಕ ನೋಡೋಣ. ಅಂಕಿಗಳು ನಾನೇ ಉದಾಹರಣೆಗೆ ಹಾಕಿಕೊಂಡವು. ವರ್ಷದ ಡೇ ಕೇರ್ ಖರ್ಚು 12,000 ಯೂರೋ. ಭತ್ಯೆ 10,800. ಸ್ವಂತ ಪಾಲು 1,200. ತಾಯಿ 700 ಯೂರೋಗೆ ರಸೀದಿ ತೋರಿಸುತ್ತಾಳೆ. ಉಳಿದ 500ಕ್ಕೆ ರಸೀದಿ ಇಲ್ಲ. ಅವಳು ಎಷ್ಟು ವಾಪಸ್ ಕಟ್ಟಬೇಕು?

ನೀವು 500 ಅನ್ನಬಹುದು. ಇಲಾಖೆ 10,800 ಅಂದಿತು. ಎಲ್ಲಾ ಖರ್ಚು ಕಟ್ಟಿದ್ದು ರುಜುವಾತಾಗದಿದ್ದರೆ ಆ ವರ್ಷದ ಭತ್ಯೆಗೆ ಹಕ್ಕೇ ಇಲ್ಲ, ಸೊನ್ನೆ. ಹಾಗಾಗಿ ಕೊಟ್ಟದ್ದೆಲ್ಲ ಜಾಸ್ತಿ ಕೊಟ್ಟದ್ದು. ನಮ್ಮ ಲೆಕ್ಕದಲ್ಲಿ ಸುಮಾರು 10 ಲಕ್ಷ ರೂಪಾಯಿ. ಮಗು ನಿಜವಾಗಿಯೂ ಡೇ ಕೇರ್‌ಗೆ ಹೋಗಿತ್ತು. ತಾಯಿ ನಿಜವಾಗಿಯೂ ಕೆಲಸಕ್ಕೆ ಹೋಗಿದ್ದಳು. ಅದು ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಎರಡು ಮೂರು ವರ್ಷದ ಫೈಲು ಒಟ್ಟಿಗೆ ತೆಗೆದರೆ ಒಂದೇ ಮನೆಗೆ ಹತ್ತಾರು ಸಾವಿರ ಯೂರೋ ಸಾಲ. ನೆಗಡಿಗೆ ಮೂಗು ಕೊಯ್ದ ಹಾಗಾಯಿತು ಇದು.

ಇದನ್ನು ಯಾರೋ ಒಬ್ಬ ಕ್ರೂರ ಅಧಿಕಾರಿ ಕಂಡುಹಿಡಿದದ್ದು ಅಂತ ಅಂದುಕೊಳ್ಳಬೇಡಿ. ಭತ್ಯೆಗಳ ಸಾಮಾನ್ಯ ಕಾನೂನು 2005ರದು. ಅದರ 26ನೇ ಕಲಂ ಹೇಳುವುದು ಇಷ್ಟೇ: ಲೆಕ್ಕ ತಿದ್ದಿದಾಗ ವಾಪಸ್ ಬರಬೇಕಾದ ಮೊತ್ತ ಇದ್ದರೆ, ಅರ್ಜಿದಾರರು ಆ ಮೊತ್ತವನ್ನು ಪೂರ್ತಿಯಾಗಿ ಕೊಡಬೇಕಾಗುತ್ತದೆ. ಈ ಒಂದು ಸಾಲನ್ನು ಹಿಡಿದು ಇಲಾಖೆ ತನಗೆ ಬೇರೆ ದಾರಿಯೇ ಇಲ್ಲ ಎಂದಿತು. ಕಾನೂನು ಮಾಡಿದ ಸಂಸತ್ತು, ಜಾರಿ ಮಾಡಿದ ಇಲಾಖೆ, ಒಪ್ಪಿದ ಕೋರ್ಟು, ಮೂರೂ ಸೇರಿ ಕಟ್ಟಿದ ಗೋಡೆ ಅದು.

ಕಳ್ಳರನ್ನು ಹುಡುಕುವ ಭರದಲ್ಲಿ

2013ರಲ್ಲಿ ಟಿವಿಯಲ್ಲಿ ಒಂದು ವರದಿ ಬಂತು. ಬಲ್ಗೇರಿಯಾದಿಂದ ಜನರನ್ನು ಕರೆತಂದು, ಸುಳ್ಳು ವಿಳಾಸ ಕೊಟ್ಟು, ಭತ್ಯೆ ಹಣ ಹೊಡೆಯುತ್ತಿದ್ದ ಗುಂಪುಗಳ ಬಗ್ಗೆ. ಆ ಮೋಸ ನಿಜವಾದದ್ದೇ. ಸಂಸತ್ತು ಕೆರಳಿತು. ಮೋಸಗಾರರನ್ನು ಹಿಡಿಯಿರಿ ಅಂತ ಎಲ್ಲಾ ಪಕ್ಷಗಳೂ ಕೂಗಿದವು. ಇಲಾಖೆ ವಿಶೇಷ ತಂಡ ಮಾಡಿತು. ಮೋಸಕ್ಕೆ ನೆರವಾಗುವ ಏಜೆನ್ಸಿ, ಸಲಹೆಗಾರರನ್ನು ಹುಡುಕುವುದು ಆ ತಂಡದ ಕೆಲಸ.

ತಂಡದ ಫೈಲುಗಳಲ್ಲಿ ಒಂದು ಐಂಡ್‌ಹೋವನ್‌ನ ಏಜೆನ್ಸಿಯದು. ಅದರ ಮೇಲೆ ಅನುಮಾನ ಬಂದ ಕೂಡಲೇ, 2014ರಲ್ಲಿ, ಆ ಏಜೆನ್ಸಿಯ ಮೂಲಕ ಮಕ್ಕಳನ್ನು ಬಿಡುತ್ತಿದ್ದ ಸುಮಾರು 300 ಕುಟುಂಬಗಳ ಭತ್ಯೆಯನ್ನು ನಿಲ್ಲಿಸಿದರು. ಒಂದೊಂದು ಕುಟುಂಬವನ್ನೂ ಬೇರೆ ಬೇರೆಯಾಗಿ ವಿಚಾರಿಸಲಿಲ್ಲ. ಮೊದಲು ನಿಲ್ಲಿಸಿದರು, ಆಮೇಲೆ ಕಾಗದ ಕೇಳಿದರು. ಕಾಗದ ಕಳಿಸಿದರೆ ಇನ್ನೂ ಸಾಲದು ಅಂದರು. ಏನು ಸಾಲದು ಅಂತ ಹೇಳಲಿಲ್ಲ.

ಈ ಕೊನೆಯ ಮಾತು ಓದುವಾಗ ನನಗೆ ತಾಲೂಕು ಕಚೇರಿಯ ಕೌಂಟರ್ ನೆನಪಾಯಿತು. "ದಾಖಲೆ ಸರಿಯಿಲ್ಲ, ನಾಳೆ ಬನ್ನಿ." ಯಾವ ದಾಖಲೆ ಅಂತ ಕೇಳಿದರೆ ಉತ್ತರ ಇಲ್ಲ. ನಮ್ಮವರು ಕೌಂಟರ್ ಮುಂದೆ ನಿಂತಾದರೂ ಕೇಳಬಹುದು. ಅಲ್ಲಿನ ಪೋಷಕರಿಗೆ ಇದ್ದದ್ದು ಪತ್ರ ಮತ್ತು ಫೋನಿನ ಸಹಾಯವಾಣಿ ಮಾತ್ರ.

ನೊಂದವರಲ್ಲಿ ವಲಸೆ ಬಂದ ಮನೆತನದವರು ತುಂಬಾ ಜನ. ಅದು ಕಾಕತಾಳೀಯ ಅಲ್ಲ. ಯಾವ ಅರ್ಜಿಯನ್ನು ಜಾಸ್ತಿ ಪರಿಶೀಲಿಸಬೇಕು ಅಂತ ಆರಿಸುವ ಕಂಪ್ಯೂಟರ್ ಮಾದರಿಯಲ್ಲಿ ಡಚ್ ಪೌರತ್ವ ಇದೆಯಾ ಇಲ್ಲವಾ ಎನ್ನುವುದೂ ಒಂದು ಸೂಚಕವಾಗಿತ್ತು. ಎರಡು ದೇಶದ ಪೌರತ್ವ ಇದ್ದವರ ಮಾಹಿತಿಯನ್ನು ಇಟ್ಟುಕೊಳ್ಳಬಾರದಿದ್ದರೂ ಇಟ್ಟುಕೊಂಡಿದ್ದರು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಡೇಟಾ ರಕ್ಷಣಾ ಪ್ರಾಧಿಕಾರ 2021ರ ಡಿಸೆಂಬರ್‌ನಲ್ಲಿ ಇದಕ್ಕೆ ಇಲಾಖೆಗೆ 27.5 ಲಕ್ಷ ಯೂರೋ ದಂಡ ಹಾಕಿತು. 2022ರ ಮೇನಲ್ಲಿ ಸರ್ಕಾರ ತನ್ನ ತೆರಿಗೆ ಇಲಾಖೆಯಲ್ಲಿ ಸಾಂಸ್ಥಿಕ ಜನಾಂಗಭೇದ ನಡೆದಿದೆ ಅಂತ ಒಪ್ಪಿಕೊಂಡಿತು.

ಪತ್ರ ಬಂದ ಮನೆಯಲ್ಲಿ

ಸಾಲ ದೊಡ್ಡದಿದ್ದರೂ ಕಂತು ಸಣ್ಣದಾಗಿದ್ದರೆ ಮನುಷ್ಯ ಹೇಗೋ ಬದುಕುತ್ತಾನೆ. ಡಚ್ ವ್ಯವಸ್ಥೆಯಲ್ಲೂ ಆದಾಯ ನೋಡಿ ಕಂತು ಮಾಡಿಕೊಡುವ ಅವಕಾಶ ಇತ್ತು. ಆದರೆ ಫೈಲಿನ ಮೇಲೆ "ಉದ್ದೇಶಪೂರ್ವಕ ಅಥವಾ ಘೋರ ನಿರ್ಲಕ್ಷ್ಯ" ಅಂತ ಗುರುತು ಬಿದ್ದರೆ ಆ ಬಾಗಿಲು ಮುಚ್ಚಿತು. ಸಾಲ ತೀರಿಸಲಾಗದವರಿಗೆ ಇರುವ ಸಾಲ ಪರಿಹಾರ ಯೋಜನೆಯೂ ಸಿಗುತ್ತಿರಲಿಲ್ಲ. ಈ ಗುರುತು ಹಾಕಲು ಕೋರ್ಟ್ ಬೇಕಿರಲಿಲ್ಲ, ವಿಚಾರಣೆ ಬೇಕಿರಲಿಲ್ಲ. ಗುಮಾಸ್ತರ ಮೇಜಿನ ಮೇಲೆ ಆಗುವ ಕೆಲಸ ಅದು. ತಮ್ಮ ಮೇಲೆ ಅಂಥ ಗುರುತು ಇದೆ ಅಂತ ಎಷ್ಟೋ ಪೋಷಕರಿಗೆ ಗೊತ್ತೇ ಇರಲಿಲ್ಲ.

ಆಮೇಲೆ ಹಿಡಿತ ಶುರು. ಮನೆ ಬಾಡಿಗೆಗೆ ಬರುವ ಭತ್ಯೆ, ಆರೋಗ್ಯ ವಿಮೆಗೆ ಬರುವ ಭತ್ಯೆ, ಇವೂ ಅದೇ ಇಲಾಖೆಯ ಕೈಯಲ್ಲಿ. ಡೇ ಕೇರ್ ಸಾಲಕ್ಕೆ ಅವನ್ನು ಮುರಿದುಕೊಂಡರು. ಹಾಗಾಗಿ ಬಾಡಿಗೆ ಬಾಕಿ ಬಿತ್ತು, ವಿಮೆ ಕಂತು ಬಾಕಿ ಬಿತ್ತು. ಆ ಬಾಕಿಗೆ ದಂಡ, ದಂಡದ ಮೇಲೆ ವಸೂಲಿಗಾರರ ಶುಲ್ಕ. ಡೇ ಕೇರ್‌ಗೆ ಹಣ ಇಲ್ಲದ್ದಕ್ಕೆ ತಾಯಿ ಕೆಲಸ ಬಿಡಬೇಕಾಯಿತು. ಕೆಲಸ ಬಿಟ್ಟದ್ದಕ್ಕೆ ಸಾಲ ತೀರಿಸುವ ದಾರಿಯೂ ಹೋಯಿತು. ಮನೆ ಕಳೆದುಕೊಂಡವರು ಇದ್ದಾರೆ, ಸಂಸಾರ ಒಡೆದವರು ಇದ್ದಾರೆ, ಕಾರಿನಲ್ಲಿ ಮಲಗಿದವರು ಇದ್ದಾರೆ. ನೊಂದ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಆ ವರ್ಷಗಳಲ್ಲಿ ಮನೆಯಿಂದ ಬೇರೆಡೆಗೆ ಸಾಗಿಸಲಾಯಿತು ಅಂತ ಅಲ್ಲಿನ ಅಂಕಿಅಂಶ ಇಲಾಖೆಯೇ ಎಣಿಸಿದೆ. ಪ್ರತಿಯೊಂದಕ್ಕೂ ಭತ್ಯೆಯ ಸಾಲವೇ ಕಾರಣ ಅಂತ ಆ ಎಣಿಕೆ ಹೇಳುವುದಿಲ್ಲ. ಆದರೂ ಆ ಸಂಖ್ಯೆಯ ಮುಂದೆ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ನ್ಯಾಯಾಧೀಶರು ಓದಿದ ಒಂದು ಸಾಲು

ಈ ಭಾಗವನ್ನು ನಿಧಾನವಾಗಿ ಹೇಳಬೇಕು. ನನ್ನ ಮಟ್ಟಿಗೆ ಪ್ರಕರಣದ ತಿರುಳು ಇಲ್ಲಿದೆ.

ಪೋಷಕರು ಕೋರ್ಟಿಗೆ ಹೋಗಲಿಲ್ಲ ಅಂತಲ್ಲ. ಹೋದರು. ಕೆಲವು ಜಿಲ್ಲಾ ನ್ಯಾಯಾಧೀಶರು ಇದು ಅತಿಯಾಯಿತು ಅಂತ ಪೋಷಕರ ಪರ ತೀರ್ಪು ಕೊಡಲು ನೋಡಿದರು. ಇಲಾಖೆ ಮೇಲ್ಮನವಿ ಹಾಕಿತು. ಆಡಳಿತದ ವಿಷಯಗಳಿಗೆ ಅಲ್ಲಿ ಕೊನೆಯ ಕೋರ್ಟ್ ರಾಡ್ ಫಾನ್ ಸ್ಟಾಟೆಯ ನ್ಯಾಯ ವಿಭಾಗ. ಅದು ವರ್ಷಗಟ್ಟಲೆ ಒಂದೇ ಮಾತು ಹೇಳಿತು. ಕಾನೂನು ಸ್ಪಷ್ಟವಾಗಿದೆ, ಪೂರ್ತಿ ಕೊಡಬೇಕು ಅಂತಿದೆ, ನಮ್ಮ ಕೈ ಕಟ್ಟಿದೆ. ಮೇಲಿನ ಕೋರ್ಟ್ ಹೀಗೆ ಹೇಳುತ್ತಿರುವಾಗ ಕೆಳಗಿನವರು ಕ್ರಮೇಣ ಅದನ್ನೇ ಪಾಲಿಸಿದರು.

ಅವರ ವಾದದಲ್ಲಿ ಹುರುಳಿಲ್ಲ ಅನ್ನಲಾರೆ. ಸರ್ಕಾರದ ಹಣ ಎಲ್ಲರ ಹಣ. ಒಬ್ಬರಿಗೆ ಮನ್ನಾ ಮಾಡಿ ಇನ್ನೊಬ್ಬರಿಂದ ವಸೂಲು ಮಾಡಿದರೆ ಅದೂ ಅನ್ಯಾಯ. ಸಂಸತ್ತು ಬಿಗಿ ಕಾನೂನು ಬೇಕು ಅಂದಾಗ ಅದನ್ನು ಸಡಿಲಿಸುವುದು ನ್ಯಾಯಾಧೀಶರ ಕೆಲಸವಾ ಅಂತ ಕೇಳಬಹುದು. ಇವು ಗಂಭೀರ ಪ್ರಶ್ನೆಗಳೇ.

ಆದರೆ 2019ರ ಅಕ್ಟೋಬರ್ 23ರಂದು ಅದೇ ಕೋರ್ಟ್ ಎರಡು ತೀರ್ಪು ಕೊಟ್ಟಿತು. ಮೊದಲನೆಯದು: ಖರ್ಚಿನ ಒಂದು ಭಾಗಕ್ಕೆ ರುಜುವಾತು ಇಲ್ಲದಿದ್ದರೆ ಭತ್ಯೆ ಸೊನ್ನೆ ಆಗುವುದಿಲ್ಲ. ಕಟ್ಟಿದ್ದಕ್ಕೆ ಎಷ್ಟು ರುಜುವಾತಿದೆಯೋ ಅದಕ್ಕೆ ತಕ್ಕ ಪಾಲಿನ ಹಕ್ಕು ಇದೆ. ಮೇಲಿನ ನಮ್ಮ ಲೆಕ್ಕಕ್ಕೆ ಹಾಕಿ ನೋಡಿ. 12,000ದಲ್ಲಿ 11,500 ಕಟ್ಟಿದ್ದು ಸಾಬೀತು. ಹಾಗಾದರೆ 10,800ರಲ್ಲಿ 10,350 ಅವಳದ್ದೇ. ವಾಪಸ್ ಕಟ್ಟಬೇಕಾದ್ದು 450 ಯೂರೋ. ಹಿಂದಿನ ದಿನದವರೆಗೆ 10,800, ಆ ದಿನದಿಂದ 450.

ಎರಡನೆಯ ತೀರ್ಪು ಇನ್ನೂ ಆಳದ್ದು. 26ನೇ ಕಲಂ ಹೇಳುವುದು ಅರ್ಜಿದಾರರ ಮೇಲೆ ಆ ಮೊತ್ತ ಪೂರ್ತಿಯಾಗಿ ಬಾಕಿ ಇದೆ ಅಂತ. ಇಲಾಖೆ ಅದನ್ನು ಪೂರ್ತಿಯಾಗಿ ವಸೂಲು ಮಾಡಲೇಬೇಕು ಅಂತ ಅದರಲ್ಲಿ ಬರೆದಿಲ್ಲ. ವಸೂಲಿ ಮಾಡುವ ಮುಂಚೆ ಆ ಕುಟುಂಬದ ಮೇಲೆ ಆಗುವ ಪರಿಣಾಮವನ್ನು ಇಲಾಖೆ ತೂಗಿ ನೋಡಬೇಕು. ಪರಿಣಾಮ ಉದ್ದೇಶಕ್ಕೆ ಮೀರಿದ್ದಾದರೆ ಪೂರ್ತಿ ಅಥವಾ ಭಾಗಶಃ ಬಿಡಬಹುದು. ಹೀಗೆ ತೂಗಿ ನೋಡುವುದು ಆಡಳಿತದ ಸಾಮಾನ್ಯ ಕಾನೂನಿನಲ್ಲಿ ಮೊದಲಿಂದಲೂ ಇದ್ದ ನಿಯಮ.

ಗಮನಿಸಿ, ಈ ತೀರ್ಪು ಬಂದ ದಿನ 26ನೇ ಕಲಮಿನ ಮಾತುಗಳು ಬದಲಾಗಿರಲಿಲ್ಲ. ಅದೇ ಸಾಲು. ಬಾಕಿ ಇದೆ ಎನ್ನುವುದಕ್ಕೂ ವಸೂಲು ಮಾಡಲೇಬೇಕು ಎನ್ನುವುದಕ್ಕೂ ನಡುವೆ ಇದ್ದ ಜಾಗ ಮೊದಲೂ ಅಲ್ಲೇ ಇತ್ತು. ಓದಿದವರಿಗೆ ಕಾಣಲಿಲ್ಲ. ಸಂಸತ್ತು ಕಾನೂನಿನಲ್ಲೇ ಕಷ್ಟದ ಪ್ರಕರಣಗಳಿಗೆ ವಿನಾಯಿತಿಯ ಕಲಂ ಸೇರಿಸಿದ್ದು ಆಮೇಲೆ, 2020ರಲ್ಲಿ.

2021ರ ನವೆಂಬರ್‌ನಲ್ಲಿ ಆ ಕೋರ್ಟ್ ತನ್ನ ನಡೆಯನ್ನು ತಾನೇ ಪರಿಶೀಲಿಸಿ ವರದಿ ಹೊರತಂದಿತು. ಬಿಗಿ ಓದನ್ನು ತುಂಬಾ ಕಾಲ ಹಿಡಿದುಕೊಂಡೆವು, ಮೊದಲೇ ಬದಲಿಸಬೇಕಿತ್ತು ಅಂತ ಒಪ್ಪಿಕೊಂಡಿತು. ವಿಭಾಗದ ಅಧ್ಯಕ್ಷರು ಕ್ಷಮೆ ಕೇಳಿದರು. ಒಂದು ದೇಶದ ಕೊನೆಯ ಕೋರ್ಟ್ ಹೀಗೆ ಬಹಿರಂಗವಾಗಿ ತಪ್ಪು ಒಪ್ಪಿಕೊಳ್ಳುವುದು ಅಪರೂಪ. ಅದಕ್ಕೆ ನನಗೆ ಗೌರವ ಇದೆ. ಹಾಗಂತ ಕಳೆದುಹೋದ ವರ್ಷಗಳು ಆ ತಾಯಂದಿರಿಗೆ ವಾಪಸ್ ಬರಲಿಲ್ಲ.

ಗೊತ್ತಿದ್ದವರು

ಇದೆಲ್ಲ 2019ರವರೆಗೆ ಯಾರಿಗೂ ಗೊತ್ತಿರಲಿಲ್ಲವಾ? ಗೊತ್ತಿತ್ತು.

ಎವಾ ಗೊನ್ಸಾಲೆಸ್ ಪೆರೆಸ್ ಎಂಬ ವಕೀಲೆ ಐಂಡ್‌ಹೋವನ್ ಏಜೆನ್ಸಿಯ ಪೋಷಕರ ಪರ ಒಂದೊಂದೇ ಪ್ರಕರಣ ಹಿಡಿದು ಹೋರಾಡುತ್ತಿದ್ದರು. ಆ ಏಜೆನ್ಸಿ ಅವರ ಗಂಡನದೇ. ಬೇರೆ ಬೇರೆ ಫೈಲುಗಳಲ್ಲಿ ಒಂದೇ ಥರದ ಪತ್ರ, ಒಂದೇ ಥರದ ನಿರಾಕರಣೆ ಕಂಡು ಇದರ ಹಿಂದೆ ಏನೋ ಇದೆ ಅಂತ ಮೊದಲು ಹಿಡಿದವರು ಅವರು. 2017ರ ಮಾರ್ಚ್‌ನಲ್ಲಿ ಅಂಥ ಒಂದು ಪ್ರಕರಣದಲ್ಲಿ ಭತ್ಯೆ ನಿಲ್ಲಿಸಿದ್ದು ತಪ್ಪು ಅಂತ ರಾಡ್ ಫಾನ್ ಸ್ಟಾಟೆಯೇ ಹೇಳಿತು. ಅದನ್ನು ಓದಿದ ಇಲಾಖೆಯ ಕಾನೂನು ಸಲಹೆಗಾರ್ತಿ ಸಾಂಡ್ರಾ ಪಾಲ್ಮನ್ ಅದೇ ತಿಂಗಳು ಒಂದು ಟಿಪ್ಪಣಿ ಬರೆದು ಮೇಲಿನವರಿಗೆ ಕೊಟ್ಟರು. ನಾವು ಮಾಡಿದ್ದು ತಪ್ಪು, ಈ ಪೋಷಕರಿಗೆ ಪರಿಹಾರ ಕೊಡಬೇಕು ಎಂಬುದು ಅದರ ಸಾರ. ಟಿಪ್ಪಣಿ ಪಕ್ಕಕ್ಕೆ ಸರಿಯಿತು. ಅದು ಹೊರಗೆ ಬಂದದ್ದು 2020ರಲ್ಲಿ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಒಂಬುಡ್ಸ್‌ಮನ್, ಅಂದರೆ ಸರ್ಕಾರಿ ಕಚೇರಿಗಳ ಮೇಲಿನ ದೂರು ವಿಚಾರಿಸುವವರು, ಕೂಡ 232 ಕುಟುಂಬಗಳ ಪ್ರಕರಣ ಪರಿಶೀಲಿಸಿ ಪರಿಹಾರ ಕೊಡಿ ಅಂದಿದ್ದರು.

ಸಂಸತ್ತಿನಲ್ಲಿ ಪೀಟರ್ ಒಮ್ಟ್‌ಸಿಗ್ಟ್ ಮತ್ತು ರೆನ್ಸ್ಕ ಲೈಟನ್ ಪಟ್ಟು ಬಿಡದೆ ಪ್ರಶ್ನೆ ಕೇಳಿದರು. ಒಮ್ಟ್‌ಸಿಗ್ಟ್ ಆಳುವ ಮೈತ್ರಿಕೂಟದವರು, ಲೈಟನ್ ವಿರೋಧ ಪಕ್ಷದವರು. ಪತ್ರಕರ್ತರು ದಾಖಲೆ ಹೊರತೆಗೆದರು. ಪೋಷಕರು ತಮ್ಮ ಫೈಲು ಕೊಡಿ ಅಂತ ಕೇಳಿದಾಗ ಬಂದದ್ದು ಪುಟಗಟ್ಟಲೆ ಕಪ್ಪು ಮಸಿ ಬಳಿದ ಹಾಳೆಗಳು. ತನ್ನ ಬದುಕನ್ನು ಮುರಿದ ಫೈಲಿನಲ್ಲಿ ತನ್ನ ಬಗ್ಗೆ ಏನು ಬರೆದಿದ್ದಾರೆ ಅಂತ ಓದಲೂ ಆಗದ ಸ್ಥಿತಿ. ಭತ್ಯೆಗಳ ಹೊಣೆ ಹೊತ್ತಿದ್ದ ಕಿರಿಯ ಸಚಿವ ಮೆನ್ನೋ ಸ್ನೆಲ್ 2019ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು. 2020ರ ಡಿಸೆಂಬರ್ 17ರಂದು ಸಂಸತ್ತಿನ ವಿಚಾರಣಾ ಸಮಿತಿಯ ವರದಿ ಬಂತು. ಅದರ ಹೆಸರನ್ನು ಕನ್ನಡಕ್ಕೆ ತಂದರೆ "ಹಿಂದೆಂದೂ ಕಾಣದ ಅನ್ಯಾಯ." ಸಂಸತ್ತು, ಸರ್ಕಾರ, ನ್ಯಾಯಾಂಗ, ಯಾರನ್ನೂ ಅದು ಬಿಡಲಿಲ್ಲ. 2021ರ ಜನವರಿ 15ರಂದು ಪ್ರಧಾನಿ ಮಾರ್ಕ್ ರುಟ್ಟೆ ಅವರ ಸರ್ಕಾರ ರಾಜೀನಾಮೆ ಕೊಟ್ಟಿತು. ಎರಡು ತಿಂಗಳಿಗೆ ಚುನಾವಣೆ ಬಂತು, ರುಟ್ಟೆಯವರ ಪಕ್ಷವೇ ಮತ್ತೆ ಮೊದಲ ಸ್ಥಾನಕ್ಕೆ ಬಂತು.

30,000 ಯೂರೋ

ನೊಂದ ಪ್ರತಿ ಪೋಷಕರಿಗೂ ಕನಿಷ್ಠ 30,000 ಯೂರೋ ಕೊಡುತ್ತೇವೆ ಅಂತ 2020ರ ಕೊನೆಯಲ್ಲಿ ಸರ್ಕಾರ ಘೋಷಿಸಿತು. ಕೇಳಲು ದೊಡ್ಡ ಮೊತ್ತ. ಆದರೆ ಎಷ್ಟೋ ವರ್ಷದಿಂದ ಸಾಲದಲ್ಲಿ ಮುಳುಗಿದವರ ಖಾತೆಗೆ ಈ ಹಣ ಬಿದ್ದರೆ ಮೊದಲು ಕೈ ಹಾಕುವವರು ಸಾಲ ಕೊಟ್ಟವರು. ಅದಕ್ಕೆ ಒಂದು ವರ್ಷ ಯಾರೂ ಈ ಪೋಷಕರಿಂದ ವಸೂಲು ಮಾಡಬಾರದು ಅಂತ ತಡೆ ತರಬೇಕಾಯಿತು. ಸರ್ಕಾರಕ್ಕೆ ಬರಬೇಕಿದ್ದ ಸಾಲಗಳನ್ನು ಮನ್ನಾ ಮಾಡಿದರು. ಖಾಸಗಿ ಸಾಲಗಳಿಗೂ ಬೇರೆ ಏರ್ಪಾಡು ಮಾಡಬೇಕಾಯಿತು.

ಆರಂಭದಲ್ಲಿ ಹೇಳುತ್ತಿದ್ದ ಅಂದಾಜು ಸುಮಾರು 26,000 ಪೋಷಕರು. ನೊಂದವರು ಅಂತ ಒಪ್ಪಿಕೊಂಡ ಸಂಖ್ಯೆ ಆಮೇಲೆ 40,000 ದಾಟಿತು. ಒಬ್ಬೊಬ್ಬರಿಗೂ ನಿಜವಾಗಿ ಆದ ನಷ್ಟ ಎಷ್ಟು ಅಂತ ಲೆಕ್ಕ ಹಾಕುವುದು ವರ್ಷಗಟ್ಟಲೆ ಎಳೆಯಿತು. ಖರ್ಚು ನೂರಾರು ಕೋಟಿ ಯೂರೋಗಳಿಗೆ ಏರಿತು. ಪರಿಹಾರಕ್ಕೂ ಮತ್ತೆ ಅರ್ಜಿ, ಮತ್ತೆ ದಾಖಲೆ, ಮತ್ತೆ ಕಾಯುವುದು. ಮೊದಲ ಸಲ ರಸೀದಿ ಇಲ್ಲ ಅಂತ ಕಳೆದುಕೊಂಡವರು ಎರಡನೇ ಸಲವೂ ಕಾಗದ ಹುಡುಕಬೇಕಾಯಿತು. ಭತ್ಯೆಯನ್ನು ಪೋಷಕರ ಕೈಗೆ ಕೊಡುವ ಬದಲು ನೇರವಾಗಿ ಡೇ ಕೇರ್‌ಗೇ ಕೊಡೋಣ, ಆಗ ವಾಪಸ್ ಕೇಳುವ ಪ್ರಶ್ನೆಯೇ ಬರುವುದಿಲ್ಲ ಎಂಬ ಯೋಜನೆ ಇದೆ. ಅದರ ದಿನಾಂಕ ಹಲವು ಸಲ ಮುಂದೆ ಹೋಗಿದೆ.

2024ರ ಕೊನೆಯಲ್ಲಿ ಈ ಪರಿಹಾರ ಕೆಲಸದ ಹೊಣೆ ಹೊತ್ತ ಕಿರಿಯ ಸಚಿವೆಯಾಗಿ ಬಂದವರು ಸಾಂಡ್ರಾ ಪಾಲ್ಮನ್. 2017ರಲ್ಲಿ ಆ ಟಿಪ್ಪಣಿ ಬರೆದವರು.

ನಮ್ಮ ಕಡೆ

ಭಾರತದಲ್ಲಿ ಈ ಎರಡನೇ ಪ್ರಶ್ನೆಗೆ, ಅಂದರೆ ಜಾಸ್ತಿ ಹೋದದ್ದನ್ನು ವಾಪಸ್ ಪಡೆಯಬೇಕಾ ಎಂಬುದಕ್ಕೆ, ಸುಪ್ರೀಂ ಕೋರ್ಟ್ 2014ರ ಡಿಸೆಂಬರ್ 18ರಂದೇ ಒಂದು ಉತ್ತರ ಕೊಟ್ಟಿದೆ. ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ನಡುವಿನ ಪ್ರಕರಣ. ಅದು ಸರ್ಕಾರಿ ನೌಕರರಿಗೆ ತಪ್ಪಾಗಿ ಜಾಸ್ತಿ ಕೊಟ್ಟ ಸಂಬಳದ ವಿಷಯ. ತಪ್ಪು ಕಚೇರಿಯದು, ನೌಕರ ಏನೂ ಸುಳ್ಳು ಹೇಳಿಲ್ಲ. ಆಗ ಕೆಳ ದರ್ಜೆಯ ನೌಕರರಿಂದ, ನಿವೃತ್ತರಾದವರಿಂದ ಅಥವಾ ಒಂದು ವರ್ಷದಲ್ಲಿ ನಿವೃತ್ತರಾಗುವವರಿಂದ, 5 ವರ್ಷಕ್ಕಿಂತ ಜಾಸ್ತಿ ಕಾಲ ಕೊಟ್ಟುಕೊಂಡು ಬಂದ ಹಣವನ್ನು, ಹೀಗೆ ಕೆಲವು ಸಂದರ್ಭಗಳಲ್ಲಿ ವಸೂಲು ಮಾಡಬಾರದು ಅಂತ ಕೋರ್ಟ್ ಹೇಳಿತು. ವಸೂಲಿಯಿಂದ ಆಗುವ ಕಷ್ಟ ಕಚೇರಿಯ ಹಕ್ಕಿಗಿಂತ ಭಾರವಾದರೆ ಅಲ್ಲೂ ಬಿಡಬೇಕು. ಪೆನ್ಷನ್ ಪ್ರಕರಣಗಳಲ್ಲೂ ಹೈಕೋರ್ಟ್‌ಗಳು ಈ ತೀರ್ಪನ್ನು ಆಧಾರ ಮಾಡಿಕೊಂಡಿವೆ.

ಆದರೆ 2016ರಲ್ಲಿ ಇನ್ನೊಂದು ತೀರ್ಪು ಬಂತು. ಜಾಸ್ತಿ ಬಂದರೆ ವಾಪಸ್ ಕೊಡುತ್ತೇನೆ ಅಂತ ಮೊದಲೇ ಮುಚ್ಚಳಿಕೆ ಬರೆದುಕೊಟ್ಟವರು ಅದಕ್ಕೆ ಬದ್ಧರು ಅಂತ. ಪೆನ್ಷನ್ ಖಾತೆ ತೆರೆಯುವಾಗ ಬ್ಯಾಂಕು ಸಹಿ ಹಾಕಿಸಿಕೊಳ್ಳುವ ಕಾಗದಗಳ ಕಟ್ಟಿನಲ್ಲಿ ಅಂಥದೊಂದು ಮುಚ್ಚಳಿಕೆಯೂ ಇರುತ್ತದೆ. ಗಂಡ ಸತ್ತ ತಿಂಗಳೊಪ್ಪತ್ತಿನಲ್ಲಿ ಕೂತು ಸಹಿ ಹಾಕುವ ಹೆಂಗಸಿಗೆ ಅದರಲ್ಲಿ ಏನಿದೆ ಅಂತ ಓದುವ ಮನಸ್ಥಿತಿ ಇರುತ್ತದಾ? ಸಹಿ ಇದ್ದಲ್ಲಿ ಎರಡನೇ ಪ್ರಶ್ನೆ ಮುಗಿಯಿತು ಅಂದುಬಿಟ್ಟರೆ ನಾವೂ ಡಚ್ಚರು ಹಿಡಿದ ದಾರಿಯನ್ನೇ ಹಿಡಿದ ಹಾಗೆ ಅಂತ ನನ್ನ ಅಭಿಪ್ರಾಯ.

ಜಾಸ್ತಿ ಹೋದ ಹಣವನ್ನೆಲ್ಲ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಸುಳ್ಳು ದಾಖಲೆ ಕೊಟ್ಟವರಿಂದ ವಸೂಲು ಮಾಡಲಿ. ಜಾಸ್ತಿ ಬರುತ್ತಿದೆ ಅಂತ ಚೆನ್ನಾಗಿ ಗೊತ್ತಿದ್ದೂ ಸುಮ್ಮನಿದ್ದವರಿಂದಲೂ ಕೇಳಲಿ. ಆದರೆ ಕೇಳುವ ಕಚೇರಿ ಮೊದಲು ತನ್ನ ಮೇಜು ನೋಡಿಕೊಳ್ಳಬೇಕು. ತಪ್ಪು ಯಾರದು, ಎಷ್ಟು ಕಾಲ ಸುಮ್ಮನಿದ್ದೆವು, ಈ ಮನುಷ್ಯರಿಗೆ ಆ ತಪ್ಪು ಕಾಣುವ ಸಾಧ್ಯತೆ ಇತ್ತಾ? ಚಿಕ್ಕಮ್ಮನ ಪಾಸ್‌ಬುಕ್‌ನಲ್ಲಿ ಇದ್ದದ್ದು ತಿಂಗಳಿಗೊಂದು ಸಾಲು, ಒಂದು ಮೊತ್ತ. ಯಾವ ದರ, ಯಾವ ದಿನಾಂಕದವರೆಗೆ ಅಂತ ಎಲ್ಲೂ ಇಲ್ಲ. ತುಟ್ಟಿಭತ್ಯೆ ಏರಿದಾಗೆಲ್ಲ ಮೊತ್ತವೂ ಏರುತ್ತಿತ್ತು. ಇಳಿಯಬೇಕಿತ್ತು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ನಾವಿಬ್ಬರೂ ಕೂತು ಒಂದು ಉತ್ತರ ಬರೆದೆವು. ಇಳಿಸಬೇಕಿದ್ದ ದಿನಾಂಕ ಯಾವುದು, ತಿಂಗಳವಾರು ಲೆಕ್ಕ ಕೊಡಿ, ದರ ಇಳಿಯುತ್ತದೆ ಅಂತ ನನಗೆ ಯಾವತ್ತಾದರೂ ತಿಳಿಸಿದ್ದೀರಾ, ತಿಳಿಸಿದ್ದರೆ ಆ ಪತ್ರದ ನಕಲು ಕೊಡಿ, ಅಲ್ಲಿಯವರೆಗೆ ಏನೂ ಹಿಡಿಯಬೇಡಿ. ಸುಪ್ರೀಂ ಕೋರ್ಟ್ ತೀರ್ಪಿನ ಉಲ್ಲೇಖವನ್ನೂ ಸೇರಿಸಿದೆವು. ಸಹಿ ಹಾಕುವ ಮುಂಚೆ ಚಿಕ್ಕಮ್ಮ ಎರಡು ಸಲ ಓದಿದರು, ಪ್ರತಿ ಪದದ ಮೇಲೂ ಬೆರಳಿಟ್ಟುಕೊಂಡು. ಆಮೇಲೆ ಪೆನ್ನು ತೆಗೆದುಕೊಂಡು ಕೆಳಗೆ ತಮ್ಮ ಕೈಬರಹದಲ್ಲಿ ಒಂದು ಸಾಲು ಸೇರಿಸಿದರು: "ಲೆಕ್ಕ ನೋಡಿ ನನ್ನದು ತಪ್ಪಿದ್ದರೆ ಕಟ್ಟುತ್ತೇನೆ."

ಬ್ಯಾಂಕಿನಲ್ಲಿ ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬಂದು ಅದೇ ಪ್ಲಾಸ್ಟಿಕ್ ಕವರ್‌ಗೆ ಹಾಕಿದ್ದೇವೆ.